ನಾಣ್ಯ ನುಂಗುವ ಗೊಂಬೆಗಳು

ಹಳೆಯ ಗೋಲಕಗಳನ್ನು ಸಂಗ್ರಹಿಸುವ ಹಿರಿಯರೊಬ್ಬರು ಈಚೆಗೆ ತಮ್ಮ ಇಂಗ್ಲಿಷ್ ಪಟ್ಟಿಯನ್ನು ಅನುವಾದಕ್ಕೆ ಕೊಟ್ಟರು. ಎಲ್ಲವೂ ಅಮೆರಿಕದ ಎರಕದ ಕಬ್ಬಿಣದ ಗೊಂಬೆಗಳು. ಪ್ರತಿಯೊಂದರ ಮುಂದೆಯೂ ‘ಅಲಂಕಾರಿಕ ಕಲಾವಸ್ತು’ ಎಂದಿತ್ತು. ಆ ಎರಡು ಪದಗಳ ಹತ್ತಿರವೇ ನನ್ನ ಕೆಲಸ ನಿಂತಿತು.

ಒಂದು ಗೋಲಕದ ಹೆಸರು ‘ಟ್ಯಾಮನಿ’. ಕನೆಕ್ಟಿಕಟ್‌ನ ಕ್ರಾಮ್‌ವೆಲ್‌ನಲ್ಲಿದ್ದ ಜೆ. ಅಂಡ್ ಇ. ಸ್ಟೀವನ್ಸ್ ಕಂಪನಿಯದು, 1873ರ ಪೇಟೆಂಟ್. ದಪ್ಪ ಹೊಟ್ಟೆಯ ಗೃಹಸ್ಥ ಕುರ್ಚಿಯಲ್ಲಿ ಕೂತಿದ್ದಾನೆ. ಅಂಗೈಗೆ ನಾಣ್ಯ ಇಟ್ಟರೆ ಅದರ ಭಾರಕ್ಕೇ ಕೈ ಇಳಿದು, ನಾಣ್ಯ ಕೋಟಿನ ಜೇಬು ಸೇರುತ್ತದೆ, ಆತ ತಲೆಯಾಡಿಸುತ್ತಾನೆ. ಟ್ಯಾಮನಿ ಹಾಲ್ ಎಂದರೆ ನ್ಯೂಯಾರ್ಕನ್ನು ಲೂಟಿ ಮಾಡಿದ ರಾಜಕೀಯ ಕೂಟ. ಅದರ ನಾಯಕ ವಿಲಿಯಂ ಟ್ವೀಡ್ ಅಪರಾಧಿ ಎಂದು ತೀರ್ಪಾದದ್ದೂ ಅದೇ ವರ್ಷ. ‘ಜೇಬಿಗಿಳಿಸಿದ’ ಎಂಬ ನಮ್ಮ ಮಾತು ಇವನಿಗೇ ಹುಟ್ಟಿದಂತಿದೆ. ಅನುವಾದಿಸುತ್ತ ನಗು ಬಂತು.

ಇನ್ನೊಂದು, ಬಫಲೋ ನಗರದ ಶೆಪರ್ಡ್ ಹಾರ್ಡ್‌ವೇರ್ ಕಂಪನಿ 1882ರಲ್ಲಿ ಪೇಟೆಂಟ್ ಪಡೆದದ್ದು. ಕಪ್ಪು ಮನುಷ್ಯನ ಎದೆಮಟ್ಟದ ಗೊಂಬೆ. ಕೆಂಪು ತುಟಿ, ಹಲ್ಲು ಕಿರಿದ ಬಾಯಿ. ಲಿವರ್ ಒತ್ತಿದರೆ ಕೈ ಮೇಲೆದ್ದು ನಾಣ್ಯವನ್ನು ಬಾಯಿಗೆ ಹಾಕುತ್ತದೆ, ಕಣ್ಣುಗುಡ್ಡೆ ಹೊರಳುತ್ತವೆ. ಹೆಸರಿನಲ್ಲೇ ಬೈಗುಳವಿದೆ. ಗುಲಾಮಗಿರಿ ಕಾನೂನಿನಲ್ಲಿ ರದ್ದಾಗಿ ಆಗಿನ್ನೂ 17 ವರ್ಷವಾಗಿತ್ತು.

ಕೈಚಳಕದಲ್ಲಿ ಇದೇನೂ ಕಡಿಮೆಯಲ್ಲ. ಅದೇ ಮರಳಿನ ಅಚ್ಚು, ಕೈಯಿಂದ ಹಚ್ಚಿದ ಬಣ್ಣ, ನಿಖರವಾದ ಚಲನೆ. ಆದರೆ ಟ್ಯಾಮನಿಯವನ ಕೈ ಅಧಿಕಾರಸ್ಥರನ್ನು ಅಣಕಿಸುತ್ತದೆ. ಇವನ ಕೈ ಆಗಷ್ಟೇ ಬಿಡುಗಡೆಯಾದವರನ್ನು. ಕುಶಲತೆಯನ್ನು ಮೆಚ್ಚಿ ಅವಮಾನವನ್ನು ಪಕ್ಕಕ್ಕಿಡೋಣ ಎಂದರೆ ಆಗದು. ಇಲ್ಲಿ ಕುಶಲತೆ ದುಡಿದಿರುವುದೇ ಆ ಅವಮಾನಕ್ಕಾಗಿ.

ರಾಲ್ಫ್ ಎಲಿಸನ್‌ರ 1952ರ ಕಾದಂಬರಿ ‘ಇನ್‌ವಿಸಿಬಲ್ ಮ್ಯಾನ್’ನಲ್ಲಿ ಇಂಥದೇ ಗೋಲಕ ಬರುತ್ತದೆ. ಕಥಾನಾಯಕ ಅದನ್ನು ಒಡೆದುಹಾಕುತ್ತಾನೆ. ಚೂರುಗಳನ್ನು ಎಸೆಯಲು ಹೋದರೆ ಜನ ಅವನ್ನು ಅವನ ಕೈಗೇ ಮರಳಿಸುತ್ತಾರೆ. ಕೊನೆಗೆ ಚೀಲದಲ್ಲೇ ಹೊತ್ತು ತಿರುಗುತ್ತಾನೆ.

ಆ ಹಿರಿಯರಿಗೆ ಫೋನ್ ಮಾಡಿ ಹೇಳಿದೆ: “ಸರ್, ಹೆಸರನ್ನು ತಿದ್ದಿ ನಯಮಾಡುವುದಿಲ್ಲ. ಅದು ಬೈಗುಳ ಅಂತ ಬರೆಯುತ್ತೇನೆ. ಇದೊಂದರ ಮುಂದೆ ‘ಅಲಂಕಾರಿಕ’ ಬೇಡ.” ಸ್ವಲ್ಪ ಹೊತ್ತು ಸುಮ್ಮನಿದ್ದವರು, “ಆಯ್ತಮ್ಮಾ, ಹಾಗೇ ಬರೀರಿ. ಅದನ್ನ ಶೋಕೇಸಿನ ನಡುವೆ ಇಟ್ಟಿದ್ದೆ, ಟ್ಯಾಮನಿ ಪಕ್ಕ ಇಡ್ತೀನಿ. ಎರಡನ್ನೂ ಒಟ್ಟಿಗೆ ನೋಡಲಿ” ಎಂದರು.