ಸೈಕಲ್ಲಿನ ಸಾಲಾವಳಿ

ವಧೂವರರ ಜಾತಕಗಳನ್ನು ಎದುರುಬದುರಾಗಿಟ್ಟು ಸಾಲಾವಳಿ ನೋಡುವ ಪದ್ಧತಿಯು ನಮ್ಮ ಮನೆತನಗಳಲ್ಲಿ ಬಹುಕಾಲದಿಂದ ನಡೆದುಬಂದಿದೆ. ಅದರಲ್ಲಿ ನಂಬಿಕೆಯುಳ್ಳವರೂ ಉಂಟು, ಇಲ್ಲದವರೂ ಉಂಟು. ಆ ವಾದವು ಇಲ್ಲಿ ಪ್ರಕೃತವಲ್ಲ. ಆದರೆ ಯಂತ್ರದ ಎರಡು ಅಂಗಗಳನ್ನು ಕೂಡಿಸುವಾಗ ಸಾಲಾವಳಿಯನ್ನು ನೋಡದೆ ಹೋದರೆ ಕೆಡುಕು ತಪ್ಪದೆಂಬುದರಲ್ಲಿ ವಾದಕ್ಕೆ ಎಡೆಯೇ ಇಲ್ಲ. ಗೇರು ಸೈಕಲ್ಲಿನ ಹಿಂಗಾಲಿಯ ಹಲ್ಲುಚಕ್ರಗಳ ಗುಚ್ಛಕ್ಕೆ ಕ್ಯಾಸೆಟ್ ಎಂದು ಹೆಸರು. ಚೈನನ್ನು ಆ ಚಕ್ರಗಳಲ್ಲಿ ಒಂದರಿಂದ ಮತ್ತೊಂದಕ್ಕೆ ದಾಟಿಸುವ ಉಪಕರಣಕ್ಕೆ ಡಿರೇಲರ್ ಎಂದು ಹೆಸರು. ಇವೆರಡರ ಹೊಂದಾಣಿಕೆಯನ್ನು ಕುರಿತು ಗೃಹಸ್ಥರಿಗೆ ಉಪಯೋಗವಾಗುವಷ್ಟನ್ನು ಇಲ್ಲಿ ಬರೆಯುತ್ತೇವೆ.

ನಾವು ನಂಜನಗೂಡಿನವರು, ನಮ್ಮ ಅಕ್ಕನವರ ಮನೆಯು ತಿರುಮಕೂಡಲು ನರಸೀಪುರದಲ್ಲಿ, ಕಾವೇರೀ ಕಪಿಲೆಯರ ಸಂಗಮಕ್ಕೆ ಸಮೀಪದಲ್ಲಿದೆ. ಅಲ್ಲಿಗೆ ಸೈಕಲ್ಲಿನ ಮೇಲೆ ಹೋಗಿಬರುವುದು ನಮ್ಮ ರೂಢಿ. ಹೋಗುವಾಗ ಕಪಿಲೆಯು ಹರಿಯುವ ದಿಕ್ಕಿನಲ್ಲಿಯೇ ಹೋಗುತ್ತೇವಾದುದರಿಂದ ಆಯಾಸವಿಲ್ಲ. ಹಿಂದಿರುಗುವಾಗ, ಅದರಲ್ಲಿಯೂ ಆಷಾಢಮಾಸದಲ್ಲಿ, ಪಡುವಣ ಗಾಳಿಯು ಎದೆಗೆ ಅಡ್ಡಲಾಗಿ ನಿಲ್ಲುತ್ತದೆ. ಇನ್ನು ಅಕ್ಕನ ಮನೆಯಿಂದ ಮುಂದೆ ಮುಡುಕುತೊರೆಯ ಮಲ್ಲಿಕಾರ್ಜುನಸ್ವಾಮಿಯ ದರ್ಶನಕ್ಕೆ ಹೊರಟರಂತೂ ಬೆಟ್ಟದ ಏರನ್ನು ಹತ್ತಲೇಬೇಕು. ಅರುವತ್ತು ತುಂಬಿದ ಮೊಣಕಾಲು ಇದನ್ನು ಸಹಿಸದಾಯಿತು. ವೈದ್ಯರು, "ತುಳಿಯುವುದನ್ನು ಬಿಡಬೇಡಿ, ಒತ್ತಿ ತುಳಿಯುವುದನ್ನು ಬಿಡಿ" ಎಂದರು. ಆದುದರಿಂದ ಹಗುರವಾದ ಗೇರನ್ನು ಒದಗಿಸಿಕೊಳ್ಳುವುದು, ಇಲ್ಲವೇ ಅಕ್ಕನನ್ನು ನೋಡಲು ಬಸ್ಸನ್ನು ಕಾಯುವುದು, ಎರಡೇ ದಾರಿ ಉಳಿದವು.

ನಮ್ಮ ಹಳೆಯ ಕ್ಯಾಸೆಟ್ಟಿನಲ್ಲಿ ಎಂಟು ಚಕ್ರಗಳು. ಅತಿ ಚಿಕ್ಕದಕ್ಕೆ 11 ಹಲ್ಲು, ಅತಿ ದೊಡ್ಡದಕ್ಕೆ 28. ಮುಂದೆ ಪೆಡಲಿನ ಬಳಿ 48, 38, 28 ಹಲ್ಲುಗಳ ಮೂರು ಚಕ್ರಗಳು. ಮುಂದಿನ 28ಕ್ಕೆ ಹಿಂದಿನ 28 ಸೇರಿದಾಗ ಪೆಡಲಿನ ಒಂದು ಸುತ್ತಿಗೆ ಗಾಲಿಯೂ ಒಂದೇ ಸುತ್ತು ತಿರುಗಿ ಸುಮಾರು 2.1 ಮೀಟರು ಮುಂದೆ ಹೋಗುತ್ತದೆ. ಹಿಂದೆ 34 ಹಲ್ಲಿನ ಚಕ್ರವಿದ್ದರೆ ಅದೇ ಸುತ್ತಿಗೆ ಸುಮಾರು 1.73 ಮೀಟರು ಮಾತ್ರ. ದೂರವು ಕಡಮೆಯಾದಷ್ಟೂ ಕಾಲಿನ ಮೇಲಣ ಒತ್ತಡವು ಕಡಮೆಯಾಗುತ್ತದೆ. ಈ ಲೆಕ್ಕದಲ್ಲಿ ನೂರಕ್ಕೆ 17ಕ್ಕಿಂತ ತುಸು ಹೆಚ್ಚು. ಅದಕ್ಕೆ ಪ್ರತಿಯಾಗಿ ಹೆಚ್ಚು ಸಾರಿ ತುಳಿಯಬೇಕು. ಬಿಡುವುಳ್ಳವರಿಗೆ ಅದೇನು ದೊಡ್ಡ ನಷ್ಟವಲ್ಲ.

ಮೈಸೂರಿನಲ್ಲಿರುವ ನಮ್ಮ ಸೋದರಳಿಯನು 11ರಿಂದ 34 ಹಲ್ಲಿನ ಎಂಟು ಚಕ್ರಗಳ ಕ್ಯಾಸೆಟ್ಟೊಂದನ್ನು ತಂದುಕೊಟ್ಟನು. ಅದನ್ನು ಕೂಡಿಸುವ ಮೊದಲು ನಾವು ಡಿರೇಲರಿನ ಜಾತಕವನ್ನು, ಎಂದರೆ ತಯಾರಕರ ವಿವರಪತ್ರವನ್ನು, ತೆಗೆದು ನೋಡಿದೆವು. ಅದರಲ್ಲಿ ನೋಡತಕ್ಕ ಅಂಶಗಳು ಎರಡು. ಮೊದಲನೆಯದು, ಅದು ಹತ್ತಬಲ್ಲ ಅತಿ ದೊಡ್ಡ ಚಕ್ರ, ನಮ್ಮದಕ್ಕೆ 28. ಎರಡನೆಯದು, ಅದರ ಒಟ್ಟು ಧಾರಣಶಕ್ತಿ. ಚೈನು ದೊಡ್ಡ ಚಕ್ರಗಳ ಮೇಲಿರುವಾಗ ಬಿಗಿಯುತ್ತದೆ, ಚಿಕ್ಕ ಚಕ್ರಗಳಿಗೆ ಇಳಿದಾಗ ಸಡಿಲುತ್ತದೆ. ಆ ಸಡಿಲವನ್ನು ಹಿಂದಕ್ಕೆಳೆದು ಹಿಡಿಯತಕ್ಕದ್ದು ಡಿರೇಲರಿನ ಕೆಳಗಿನ ತೋಳು. ಮುಂದಿನ ಹಿರಿ ಕಿರಿ ಚಕ್ರಗಳ ಅಂತರಕ್ಕೆ ಹಿಂದಿನ ಹಿರಿ ಕಿರಿ ಚಕ್ರಗಳ ಅಂತರವನ್ನು ಕೂಡಿದರೆ ಬೇಕಾದ ಶಕ್ತಿಯು ತಿಳಿಯುತ್ತದೆ. ಹಳೆಯದಕ್ಕೆ 20ಕ್ಕೆ 17 ಸೇರಿ 37. ಹಳೆಯ ಡಿರೇಲರಿಗೆ ಇದ್ದುದೂ ಅಷ್ಟೆ. ಹೊಸದಕ್ಕೆ 20ಕ್ಕೆ 23 ಸೇರಿ 43. ಆರು ಹಲ್ಲುಗಳ ಕೊರತೆ!

ನಮ್ಮೂರಿನ ಸೈಕಲ್ ಷಾಪಿನವನು ಉಪಕಾರಬುದ್ಧಿಯಿಂದಲೇ, "ಮೇಷ್ಟ್ರೆ, ಡಿರೇಲರ್ ಬದಲಾಯಿಸೋದು ಬೇಡಿ. ಮೇಲೆ ಒಂದು ಸಣ್ಣ ಪಟ್ಟಿ ಕೊಟ್ಟು ಕೆಳಗಿಳಿಸಿಬಿಡ್ತೀನಿ, ದುಡ್ಡೂ ಉಳಿಯುತ್ತೆ" ಎಂದನು. "ಏನಪ್ಪಾ, ಪಟ್ಟಿ ಹಾಕಿದರೆ ದೊಡ್ಡ ಚಕ್ರಕ್ಕೆ ಜಾಗ ಸಿಕ್ಕೀತು, ತೋಳು ಉದ್ದವಾದೀತೆ?" ಎಂದು ಕೇಳಿದೆವು. ಆತನು ನಕ್ಕು ಸುಮ್ಮನಾದನು. ಸೋದರಳಿಯನು ಮಾತ್ರ ಬಿಡದೆ, "ಚೈನನ್ನು ಗಿಡ್ಡ ಮಾಡಿಸೋಣ, ಮಾವ. ಮುಂದೆ ದೊಡ್ಡದು, ಹಿಂದೆ ದೊಡ್ಡದು, ಎರಡೂ ಒಟ್ಟಿಗೆ ಹಾಕಬಾರದು ಅಂತ ನೀವು ಜ್ಞಾಪಕ ಇಟ್ಟುಕೊಂಡರೆ ಆಯಿತು" ಎಂದನು. ಏರಿನಲ್ಲಿ ಏದುಸಿರು ಬಿಡುತ್ತಿರುವವನ ಜ್ಞಾಪಕವನ್ನು ನಂಬಿ ಕೂಡಿಸಿದ ಯಂತ್ರವು ಎಷ್ಟು ದಿನ ಬಾಳೀತು? ಗಿಡ್ಡ ಚೈನು ಒಮ್ಮೆ ಆ ಎರಡು ಚಕ್ರಗಳಿಗೂ ಏರಿತೆಂದರೆ ಬಿಗಿದು ನಿಲ್ಲುತ್ತದೆ; ಡಿರೇಲರು ಮುರಿದು ಗಾಲಿಯ ಕಡ್ಡಿಗಳೊಳಗೆ ಸಿಕ್ಕಿದರೆ ಸವಾರನು ನೆಲಕ್ಕೆ ಬೀಳುತ್ತಾನೆ. ಈ ವಯಸ್ಸಿನಲ್ಲಿ ಬಿದ್ದ ಎಲುಬು ಬೇಗನೆ ಕೂಡುವುದಿಲ್ಲ. ಉಳಿಯುವ ದುಡ್ಡಿಗೆ ಇದು ದುಬಾರಿಯ ಬೆಲೆಯಾಯಿತು.

ಕೊನೆಗೆ 34 ಹಲ್ಲನ್ನು ಹತ್ತಬಲ್ಲ, 43ರ ಶಕ್ತಿಯುಳ್ಳ, ಉದ್ದ ತೋಳಿನ ಡಿರೇಲರನ್ನು ತರಿಸಿದೆವು. ನರಸೀಪುರದ ಗುಂಜಾನರಸಿಂಹಸ್ವಾಮಿಯ ಕ್ಷೇತ್ರವು ಕಾಶಿಗಿಂತ ಒಂದು ಗುಲಗಂಜಿಯ ತೂಕ ಹೆಚ್ಚೆಂದು ಹಿರಿಯರು ಹೇಳುವರಷ್ಟೆ. ನಮ್ಮ ಲೆಕ್ಕದಲ್ಲಿ ಆ ಗುಲಗಂಜಿಯೂ ಮಿಗಲಿಲ್ಲ, ಆದರೆ ಕೊರೆಯೂ ಬೀಳಲಿಲ್ಲ.

ವಾಕ್ಯದಲ್ಲಿ ಪದಗಳು ಕೂಡಿ ಅರ್ಥವನ್ನು ಕೊಡಬೇಕಾದರೆ ಅವುಗಳಿಗೆ ಯೋಗ್ಯತೆಯೂ ಸನ್ನಿಧಿಯೂ ಇರಬೇಕೆಂದು ತರ್ಕಶಾಸ್ತ್ರದವರು ಹೇಳುತ್ತಾರೆ. ಇಲ್ಲಿಯೂ ಹಾಗೆಯೇ. ಯೋಗ್ಯತೆಯೆಂದರೆ, ಹ್ಯಾಂಡಲಿನ ಮೇಲಿನ ಗೇರಿನ ಸನ್ನೆಯು ಒಂದು ಸಾರಿಗೆ ಎಳೆಯುವ ತಂತಿಯ ಅಳತೆಗೆ ಡಿರೇಲರಿನ ನಡೆಯು ಒಪ್ಪಬೇಕು. ಶಿಮಾನೋ ಕಂಪೆನಿಯ ಎಂಟು ಚಕ್ರಗಳ ಸಾಮಾನುಗಳಲ್ಲಿ ರಸ್ತೆಯ ಸೈಕಲ್ಲಿನದೂ ಬೆಟ್ಟದ ಸೈಕಲ್ಲಿನದೂ ಸಾಮಾನ್ಯವಾಗಿ ಒಪ್ಪುತ್ತವೆ. ಹತ್ತು ಚಕ್ರಗಳ ಕಾಲಕ್ಕೆ ಬಂದಾಗ ಬೆಟ್ಟದ್ದರ ಅಳತೆಯೇ ಬೇರೆಯಾಯಿತು. ಸನ್ನಿಧಿಯೆಂದರೆ, ಡಿರೇಲರಿನ ಮೇಲಿನ ಪುಟ್ಟ ಗಾಲಿಯು ದೊಡ್ಡ ಚಕ್ರಕ್ಕೆ ತಾಗದೆಯೂ ಬಹಳ ದೂರವಾಗದೆಯೂ ಇರಬೇಕು. ಅದಕ್ಕೆಂದೇ ಒಂದು ತಿರುಪು ಉಂಟು. ಚೈನಿನ ಉದ್ದವನ್ನು, ಡಿರೇಲರಿನೊಳಗೆ ಹಾಯಿಸದೆ ಮುಂದಿನ ಮತ್ತು ಹಿಂದಿನ ದೊಡ್ಡ ಚಕ್ರಗಳ ಮೇಲೆ ಸುತ್ತಿ, ಒಂದು ಅಂಗುಲ ಹೆಚ್ಚು ಬಿಟ್ಟು ಗೊತ್ತುಮಾಡಬೇಕು. ಕಡ್ಡಿಗಳ ಕಡೆಗೆ ಚೈನು ಬೀಳದಂತೆ ತಡೆಯುವ ತಿರುಪನ್ನು ಕೊನೆಗೆ ತಪ್ಪದೆ ಪರೀಕ್ಷಿಸಬೇಕು.

ವೃದ್ಧನಿಗೆ ಇಷ್ಟು ಸೌಕರ್ಯವೇಕೆಂದು ನಗುವವರು ಇಲ್ಲದಿಲ್ಲ. ಫ್ರಾನ್ಸ್ ದೇಶದ ಮಹಾಪಂದ್ಯವಾದ ಟೂರ್ ದ ಫ್ರಾನ್ಸಿನಲ್ಲಿ ಸ್ಪರ್ಧಿಗಳೆಲ್ಲರಿಗೂ ಡಿರೇಲರನ್ನು ಬಳಸಲು ಅನುಮತಿ ದೊರೆತುದು 1937ರಲ್ಲಿ; ಅದಕ್ಕೆ ಮೊದಲು, ಗೇರು ಬದಲಾಯಿಸುವುದು ಪೌರುಷಕ್ಕೆ ಕುಂದೆಂದು ಆ ಪಂದ್ಯದ ಸ್ಥಾಪಕನಾದ ಆಂರಿ ದೆಗ್ರಾಂಜನೇ ಬಗೆದಿದ್ದನು. ಆದರೆ ಪೋಲ್ ದ ವಿವಿ ಎಂಬ ಮತ್ತೊಬ್ಬ ಫ್ರೆಂಚ್ ಮಹಾಶಯನು ಹಲವು ಗೇರುಗಳ ಪರವಾಗಿ ಆಯುಷ್ಯವನ್ನೆಲ್ಲ ವಾದಿಸಿದನು. ಕಾಲವು ತೀರ್ಪನ್ನು ಇವನ ಕಡೆಗೆ ಕೊಟ್ಟಿದೆ. ನಾವಾದರೋ ಯಾವ ಪಂದ್ಯಕ್ಕೂ ಹೊರಟವರಲ್ಲ. ಅಕ್ಕನ ಮನೆಗೆ ಹೊರಟವರು. ಅವರಿಗೆ ಕಣ್ಣು ಮಂಜಾಗಿದೆ, ಕಾಗದವನ್ನು ಓದಲಾರರು. ನಾವೇ ಹೋಗಿ ಕುಳಿತು ಮಾತನಾಡಬೇಕು. ಈಗ ಎದುರುಗಾಳಿಯಲ್ಲಿಯೂ ಮೊಣಕಾಲು ದೂರುವುದಿಲ್ಲ. ಮನೆಯಲ್ಲಿ ಹಿರಿಯರ ಸೈಕಲ್ಲೊಂದು ಮೂಲೆ ಸೇರಿದ್ದರೆ, ಅದನ್ನು ಮಾರುವುದಕ್ಕೆ ಮುಂಚೆ ವಾಚಕರು ಅದರ ಹಲ್ಲುಗಳನ್ನು ಒಮ್ಮೆ ಎಣಿಸಿ ನೋಡಲಿ.