ಮೂವತ್ತು ನಲವತ್ತರ ಲೆಕ್ಕ

ಕೂಡುವುದು, ಕಳೆಯುವುದು, ಭಾಗಿಸುವುದು ಎಲ್ಲವೂ ಬೇಕು. ಆದರೆ ನನಗೆ ಅಚ್ಚುಮೆಚ್ಚು ಗುಣಾಕಾರ. ಕೆಂಗೇರಿಯಲ್ಲಿ ಮೆಟ್ರೋ ಹತ್ತಿದರೆ ಸಾಕು, ಮನಸ್ಸು ಎರಡು ಸಂಖ್ಯೆ ಹಿಡಿದುಕೊಂಡು ಆಟಕ್ಕೆ ಇಳಿದುಬಿಡುತ್ತದೆ. 25ನ್ನು 36ರಿಂದ ಗುಣಿಸಬೇಕೆ? ನಾಲ್ಕೊಂಬತ್ಲ ಮೂವತ್ತಾರು. ಮೊದಲು 25ನ್ನು ನಾಲ್ಕರಿಂದ ಗುಣಿಸಿ ನೂರು ಮಾಡಿಕೊಂಡರೆ, ಒಂಬೈನೂರು ಎನ್ನಲು ಅತ್ತಿಗುಪ್ಪೆಯವರೆಗೆ ಕಾಯಬೇಕಾಗಿಲ್ಲ. ಪಠ್ಯಪುಸ್ತಕ ಇದನ್ನು ಸಹವರ್ತನೀಯ ಗುಣ ಎನ್ನುತ್ತದೆ. ಯಾವ ಜೋಡಿಯನ್ನು ಮೊದಲು ಗುಣಿಸಿದರೂ ಉತ್ತರ ಕೆಡುವುದಿಲ್ಲ ಎಂಬುದೇ ಅದರ ತಿರುಳು.

ಇಂಥದ್ದನ್ನು ಮಕ್ಕಳಿಗೆ ತೋರಿಸಲು ನಮ್ಮ ಕಡೆ ಕರಿಹಲಗೆ ಹುಡುಕಬೇಕಿಲ್ಲ. ಬಸವೇಶ್ವರನಗರದ ಅಡ್ಡರಸ್ತೆಗಳಲ್ಲಿ ಬೆಳಿಗ್ಗೆ ನಡೆದರೆ ನೀರು ಹಾಕಿ ಗುಡಿಸಿದ ಬಾಗಿಲ ಮುಂದೆ ಚುಕ್ಕಿ ರಂಗೋಲಿ ಇರುತ್ತದೆ. ಐದು ಸಾಲು, ಸಾಲಿಗೆ ಏಳು ಚುಕ್ಕಿ ಇಟ್ಟು, ಎಳೆ ಎಳೆಯುವ ಮುಂಚೆ ಮಗುವನ್ನು ಹೊಸ್ತಿಲ ಬಳಿ ನಿಲ್ಲಿಸಿ ಎಣಿಸಲು ಹೇಳಿ: ಐದೇಳ್ಲ ಮೂವತ್ತೈದು. ಈಗ ಪಕ್ಕಕ್ಕೆ ಬಂದು ನೋಡಲಿ. ಏಳು ಸಾಲು, ಸಾಲಿಗೆ ಐದು. ಒಂದು ಚುಕ್ಕಿಯೂ ಜಾಗ ಬಿಟ್ಟು ಕದಲಿಲ್ಲ. ನೋಡುವವರು ಕದಲಿದರು, ಅಷ್ಟೆ. ಪರಿವರ್ತನೀಯ ಗುಣಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನಾನು ಕಂಡಿಲ್ಲ. ಇದರಿಂದಾಗುವ ಲಾಭವೂ ಸಣ್ಣದಲ್ಲ. ಎರಡರಿಂದ ಒಂಬತ್ತರವರೆಗಿನ ಸಂಖ್ಯೆಗಳನ್ನು ಪರಸ್ಪರ ಗುಣಿಸಿದರೆ 64 ಸಾಲು ಮಗ್ಗಿ. ತಿರುಗಿಸಿ ಓದಲು ಬಂದರೆ ನೆನಪಿಡಬೇಕಾದ್ದು 36 ಮಾತ್ರ. ಒಂದು ಯಾರನ್ನೂ ಬದಲಿಸುವುದಿಲ್ಲ, ಸೊನ್ನೆ ಯಾರನ್ನೂ ಉಳಿಸುವುದಿಲ್ಲ. ಅವೆರಡಕ್ಕೆ ಬಾಯಿಪಾಠವೇ ಬೇಡ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ವಿಭಾಜಕ ಗುಣ. ರಾಜಾಜಿನಗರ, ವಿಜಯನಗರದಲ್ಲಿ ಬೆಳೆದ ಮಕ್ಕಳ ಕಿವಿಗೆ ‘ಮೂವತ್ತು ನಲವತ್ತು ಸೈಟು’ ಎಂಬ ಮಾತು ಮಗ್ಗಿಗಿಂತ ಮೊದಲೇ ಬಿದ್ದಿರುತ್ತದೆ. ಅಂದರೆ 1200 ಚದರಡಿ. ಅರವತ್ತು ನಲವತ್ತರ ಸೈಟನ್ನು ಅಣ್ಣತಮ್ಮಂದಿರು ನಡುವೆ ಗೋಡೆ ಎಬ್ಬಿಸಿ ಹಂಚಿಕೊಂಡರೆ ಒಬ್ಬೊಬ್ಬರಿಗೆ ಒಂದು ಮೂವತ್ತು ನಲವತ್ತು. ಎರಡೂ ಸೇರಿದರೆ ಮತ್ತೆ 2400. ಗೋಡೆಯನ್ನು ಆಚೀಚೆ ಸರಿಸಿದರೂ ಮೊತ್ತ ಒಂದೇ. ಇದು ಅರ್ಥವಾದ ಮಗು ಏಳೆಂಟ್ಲ ಎಷ್ಟೆಂದು ಮರೆತರೂ ಅಳುತ್ತಾ ನಿಲ್ಲುವುದಿಲ್ಲ. ಏಳನ್ನು ಐದು, ಎರಡು ಎಂದು ಒಡೆದುಕೊಳ್ಳುತ್ತದೆ. ಐದೆಂಟ್ಲ ನಲವತ್ತು, ಎರಡೆಂಟ್ಲ ಹದಿನಾರು, ಕೂಡಿದರೆ ಐವತ್ತಾರು. ಭಾಸ್ಕರಾಚಾರ್ಯರು 1150ರ ‘ಲೀಲಾವತಿ’ಯಲ್ಲಿ ಕಲಿಸಿದ್ದೂ ಇದನ್ನೇ. 135ನ್ನು 12ರಿಂದ ಗುಣಿಸಲು 12ನ್ನು 8 ಮತ್ತು 4 ಎಂದು ಒಡೆದು, ಎರಡರಿಂದಲೂ ಗುಣಿಸಿ ಕೂಡಬಹುದು. ಇಲ್ಲವೇ 3ರಿಂದ ಗುಣಿಸಿ, ಬಂದದ್ದನ್ನು 4ರಿಂದ ಗುಣಿಸಬಹುದು. ಹೇಗೆ ಹೋದರೂ 1620.

ಅದಕ್ಕೂ ಮೊದಲು, ಒಂಬತ್ತನೆಯ ಶತಮಾನದಲ್ಲಿ, ರಾಷ್ಟ್ರಕೂಟ ಅಮೋಘವರ್ಷನ ಕಾಲದ ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ ಬರೆದರು. ಗುಣಾಕಾರದ ಪಾಠಕ್ಕೆ ಅವರು ಕೊಟ್ಟ ಲೆಕ್ಕಗಳಲ್ಲಿ ಕೆಲವು ಕೊರಳ ಹಾರಗಳಂತಿವೆ. 139ನ್ನು 109ರಿಂದ ಗುಣಿಸಿದರೆ 15151. ಹಿಂದಿನಿಂದ ಓದಿದರೂ ಅದೇ. 152207ನ್ನು 73ರಿಂದ ಗುಣಿಸಿದರೆ 11111111. ಕಲಿಯುವವರಿಗೆ ಲೆಕ್ಕ ಚೆಂದವಾಗಿ ಕಾಣಬೇಕು ಎಂದು ಸಾವಿರದ ನೂರು ವರ್ಷಗಳ ಹಿಂದೆಯೇ ಯೋಚಿಸಿದ ಆ ಮೇಷ್ಟ್ರ ಮೇಲೆ ನನಗೆ ಅಪಾರ ಗೌರವ.

ಮಗ್ಗಿಯ ಬಾಯಿಪಾಠ ಇರಲಿ. ಅದರ ಲಯ ಮಕ್ಕಳಿಗೆ ಹಿತ. ಆದರೆ ಅದರ ಜೊತೆಯಲ್ಲೇ ಸಂಖ್ಯೆಯನ್ನು ತಿರುಗಿಸುವುದು, ಒಡೆಯುವುದು, ಬೇರೆ ಜೋಡಿ ಕಟ್ಟುವುದು ಬರಬೇಕು. ಬಂದಿದೆಯೇ ಎಂದು ನೋಡಲು ಮಹಾವೀರರ ಹಾರವನ್ನೇ ತೋರಿಸಿ, 152207ನ್ನು ವರ್ಷದ ದಿನಗಳಿಂದ, ಅಂದರೆ 365ರಿಂದ, ಗುಣಿಸಲು ಹೇಳಿ. ಪೆನ್ಸಿಲ್ ಮುಟ್ಟುವ ಮೊದಲು 365 ಎಂದರೆ 73ರ ಐದು ಪಟ್ಟು ಎಂದು ಗುರುತಿಸಿದ ಮಗು ಎಂಟು ಐದುಗಳನ್ನು ಸಾಲಾಗಿ ಬರೆದು ಮುಗಿಸುತ್ತದೆ. ಆ ಮಗುವಿಗೆ ಗುಣಾಕಾರ ಒಲಿದಿದೆ.