ಅರ್ಥವಾಯಿತೇನ್ರಪ್ಪಾ?

ನಮ್ಮ ಡಿಗ್ರಿ ಕಾಲೇಜುಗಳ ವಿಜ್ಞಾನ ತರಗತಿಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಸಲ ಕೇಳಿಬರುವ ಪ್ರಶ್ನೆ ನ್ಯೂಟನ್ನನದೂ ಅಲ್ಲ, ಡಾರ್ವಿನ್ನನದೂ ಅಲ್ಲ. 'ಅರ್ಥವಾಯಿತೇನ್ರಪ್ಪಾ?' ಅನ್ನುವುದು. ಬೆಲ್ಲಿಗೆ ಇನ್ನೈದು ನಿಮಿಷ ಇರುವಾಗ ಮೇಷ್ಟ್ರು ಬೋರ್ಡು ಒರೆಸಿ, ತೋಳಿಗಂಟಿದ ಸೀಮೆಸುಣ್ಣದ ಪುಡಿ ಕೊಡವಿಕೊಳ್ಳುತ್ತಾ ಇದನ್ನು ಕೇಳುತ್ತಾರೆ. ಒಕ್ಕೊರಲಿನಿಂದ 'ಹ್ಞೂಂ ಸಾರ್' ಎಂದು ಉತ್ತರ ಬರುತ್ತದೆ. ಈ ಹ್ಞೂಂಕಾರದಲ್ಲೂ ಪ್ರಭೇದಗಳಿವೆ. ಮುಂದಿನ ಬೆಂಚಿನ ಹ್ಞೂಂ ಎಂದರೆ 'ಇಂಟರ್ನಲ್ಸ್ ಮಾರ್ಕ್ಸ್ ಹಾಕುವಾಗ ನನ್ನ ಮುಖ ನೆನಪಿರಲಿ'. ನಡುವಿನ ಬೆಂಚಿನದು 'ಪಕ್ಕದವನು ಅಂದ, ನಾನೂ ಅಂದೆ'. ಕೊನೆಯ ಬೆಂಚಿನದು 'ಬೇಗ ಬಿಡಿ, ಕ್ಯಾಂಟೀನಿನಲ್ಲಿ ವಡೆ ಖಾಲಿಯಾಗುತ್ತೆ'. ಅಪರೂಪಕ್ಕೊಬ್ಬ ಪುಣ್ಯಾತ್ಮ ಎದ್ದು 'ಇಲ್ಲ ಸಾರ್' ಅಂದನೋ, ಮೇಷ್ಟ್ರು ಅವೇ ವಾಕ್ಯಗಳನ್ನು ಅದೇ ಕ್ರಮದಲ್ಲಿ ಇನ್ನಷ್ಟು ಗಟ್ಟಿಯಾಗಿ ಹೇಳುತ್ತಾರೆ. ಅರ್ಥವಾಗದಿರುವುದು ಕಿವಿಯ ದೋಷ ಎಂಬುದೇ ನಮ್ಮ ಬೋಧನಾಶಾಸ್ತ್ರದ ಮೂಲ ಸಿದ್ಧಾಂತ. 'ಈಗ ಗೊತ್ತಾಯ್ತಾ?' ಎಂದು ಎರಡನೇ ಸಲ ಕೇಳುವ ಹೊತ್ತಿಗೆ ಹಿಂದಿನವನು ಪೆನ್ನಿನ ತುದಿಯಿಂದ ತಿವಿದಿರುತ್ತಾನೆ. ಪುಣ್ಯಾತ್ಮನೂ ಹ್ಞೂಂ ಅಂದು ಕೂತುಬಿಡುತ್ತಾನೆ.

ನಾನು ಭೌತಶಾಸ್ತ್ರ ಹೇಳಿಕೊಟ್ಟು ನಿವೃತ್ತನಾದವನು. ಈಗಿನ ಎಳೆಯ ಉಪನ್ಯಾಸಕರು ದಾರಿಯಲ್ಲಿ ಸಿಕ್ಕರೆ ಒಂದೇ ಗೋಳು: 'ಸ್ಮಾರ್ಟ್ ಬೋರ್ಡ್ ಹಾಕಿಸಿದ್ರು ಸಾರ್, ಆದ್ರೂ ಹುಡುಗರು ತೂಕಡಿಸ್ತಾರೆ. ಎಲ್ಲಾ ಈ ಮೊಬೈಲಿಂದ.' ಪಾಪ, ಮೊಬೈಲಿಗೆ ಇಷ್ಟು ದೊಡ್ಡ ಗೌರವ ಸಲ್ಲದು. ಲಾರೆಂಟಿಯಸ್ ಡಿ ವೋಲ್ಟೋಲಿನಾ ಎಂಬಾತ 14ನೇ ಶತಮಾನದಲ್ಲಿ ಬರೆದ ಚಿತ್ರವೊಂದು ಬರ್ಲಿನ್ನಿನ ಸಂಗ್ರಹದಲ್ಲಿದೆ. ಅದರಲ್ಲಿ ಬೊಲೋನ್ಯ ವಿಶ್ವವಿದ್ಯಾಲಯದ ತರಗತಿಯೊಂದು ನಡೆಯುತ್ತಿದೆ. ಹೆನ್ರಿಕಸ್ ಎಂಬ ಜರ್ಮನ್ ಮೇಷ್ಟ್ರು ಎತ್ತರದ ಪೀಠದಲ್ಲಿ ಗ್ರಂಥ ಬಿಚ್ಚಿಕೊಂಡು ಕೂತಿದ್ದಾರೆ. ಮುಂದಿನ ಸಾಲಿನವರ ಮುಂದೆ ಪುಸ್ತಕಗಳಿವೆ, ಮುಖದಲ್ಲಿ ಶ್ರದ್ಧೆಯಿದೆ. ಹಿಂದೆ ಹಿಂದೆ ಹೋದಂತೆ ಒಬ್ಬ ಕೈಗೆ ತಲೆಕೊಟ್ಟು ಸೊಗಸಾಗಿ ನಿದ್ದೆ ಹೊಡೆಯುತ್ತಿದ್ದಾನೆ, ಇನ್ನಿಬ್ಬರು ಯಾವುದೋ ರಸವತ್ತಾದ ಮಾತಿನಲ್ಲಿ ಮುಳುಗಿದ್ದಾರೆ. ಆ ಚಿತ್ರ ನೋಡಿದಾಗ ನನಗಾದ ಸಮಾಧಾನ ಅಷ್ಟಿಷ್ಟಲ್ಲ. ಕೊನೆಯ ಬೆಂಚಿಗೆ ಏಳು ಶತಮಾನಗಳ ಪರಂಪರೆಯಿದೆ, ಅದನ್ನು ಒಂದು ಸರ್ಕ್ಯುಲರ್ ಹೊರಡಿಸಿ ಅಳಿಸಲಾಗದು.

ಹೆನ್ರಿಕಸ್ ಮೇಷ್ಟ್ರಿಗಾದರೂ ಒಂದು ನೆಪವಿತ್ತು. ಆಗ ಪುಸ್ತಕವೆಂದರೆ ಕೈಬರಹದ್ದು, ಬೆಲೆಯೋ ಆಸ್ತಿ ಮಾರಬೇಕಾದಷ್ಟು. ಒಬ್ಬರು ಓದಿ ಹೇಳದೆ ಬೇರೆ ದಾರಿಯಿರಲಿಲ್ಲ. 15ನೇ ಶತಮಾನದ ನಡುವೆ ಗುಟೆನ್‌ಬರ್ಗ್ ಅಚ್ಚಿನ ಮೊಳೆ ಜೋಡಿಸಿದ ಮೇಲೆ ಈ ಪದ್ಧತಿ ನಿಲ್ಲಬೇಕಿತ್ತು. ನಿಲ್ಲಲಿಲ್ಲ. ನಮ್ಮ ಕಾಲದ ಕಾಲೇಜುಗಳಲ್ಲಿ ಹಳದಿ ತಿರುಗಿದ ನೋಟ್ಸಿನಿಂದ ಮೇಷ್ಟ್ರು ಡಿಕ್ಟೇಟ್ ಮಾಡುತ್ತಿದ್ದರು, ಹುಡುಗರು ಕಾಮಾ ಫುಲ್‌ಸ್ಟಾಪಿನ ಸಮೇತ ಇಳಿಸಿಕೊಳ್ಳುತ್ತಿದ್ದರು. ಆಮೇಲೆ ಕಾಲೇಜಿನ ಗೇಟಿನೆದುರು ಜೆರಾಕ್ಸ್ ಅಂಗಡಿ ಬಂತು, ಬರೆದುಕೊಳ್ಳುವ ಶ್ರಮವೂ ತಪ್ಪಿತು. ಪರೀಕ್ಷೆಯ ಹಿಂದಿನ ವಾರ 'ಯಾವ ಚಾಪ್ಟರ್ ಇಂಪಾರ್ಟೆಂಟ್?' ಎಂಬುದಕ್ಕೆ ನಮ್ಮ ವಿಭಾಗದ ಮುಖ್ಯಸ್ಥರಿಗಿಂತ ಖಚಿತವಾಗಿ ಉತ್ತರ ಹೇಳುತ್ತಿದ್ದವನು ಆ ಅಂಗಡಿಯವನೇ.

ಈ ಹ್ಞೂಂಕಾರದ ಬಣ್ಣ ಬಯಲು ಮಾಡಿದವರಲ್ಲಿ ಹಾರ್ವರ್ಡಿನ ಭೌತಶಾಸ್ತ್ರಜ್ಞ ಎರಿಕ್ ಮಜೂರ್ ನನಗೆ ಬಹಳ ಇಷ್ಟ. 1984ರಿಂದ ಅಲ್ಲಿ ಪಾಠ ಹೇಳುತ್ತಿದ್ದವರು. ವಿದ್ಯಾರ್ಥಿಗಳು ಮೆಚ್ಚಿದ್ದರು, ಕಠಿಣ ಲೆಕ್ಕಗಳನ್ನೂ ಬಿಡಿಸುತ್ತಿದ್ದರು. 1990ರಲ್ಲಿ ಅವರ ಕಣ್ಣಿಗೆ ಅರಿಜೋನಾದ ಡೇವಿಡ್ ಹೆಸ್ಟೆನಿಸ್ ಬರೆದ ಲೇಖನ ಬಿತ್ತು. ಬಲದ ಬಗ್ಗೆ ಲೆಕ್ಕವೇ ಇಲ್ಲದ, ಬರೀ ಮಾತಿನ ಸರಳ ಪ್ರಶ್ನೆಗಳನ್ನು ಕೇಳಿದರೆ ಕಾಲೇಜು ವಿದ್ಯಾರ್ಥಿಗಳು ಮುಗ್ಗರಿಸುತ್ತಾರೆ ಎಂದು ಅದರ ಸಾರ. ನಮ್ಮ ಹುಡುಗರು ಹಾಗಲ್ಲಪ್ಪ ಎಂದುಕೊಂಡೇ ಮಜೂರ್ ಆ ಪ್ರಶ್ನೆಪತ್ರಿಕೆ ಹಂಚಿದರು. ಆಗ ಒಬ್ಬ ವಿದ್ಯಾರ್ಥಿನಿ ಕೇಳಿದಳಂತೆ: ನೀವು ಹೇಳಿಕೊಟ್ಟ ಪ್ರಕಾರ ಬರೆಯಬೇಕೋ, ನಾನು ಸಾಮಾನ್ಯವಾಗಿ ಯೋಚಿಸುವ ಪ್ರಕಾರವೋ? ಜಗತ್ತಿನ ಸಮಸ್ತ ವಿಜ್ಞಾನ ಉಪನ್ಯಾಸಕರ ಬಂಡವಾಳ ಇಷ್ಟೇ ಅನ್ನಿಸಿಬಿಡುವ ಪ್ರಶ್ನೆ ಅದು. ಪಾಠದ್ದು ಒಂದು ಲೋಕ, ತಲೆಯದು ಇನ್ನೊಂದು. ಎರಡರ ನಡುವೆ ಬಸ್ ಸೌಕರ್ಯವಿಲ್ಲ.

ಆ ಪರೀಕ್ಷೆಯ ಹೆಸರಾಂತ ಪ್ರಶ್ನೆಯೊಂದನ್ನು ನಮ್ಮೂರಿನ ರಸ್ತೆಗಿಳಿಸಿ ನಾನು ಮದುವೆಮನೆಗಳಲ್ಲಿ ಕೇಳುವುದುಂಟು. ಮರಳು ತುಂಬಿದ ಲಾರಿಗೂ ಮಾರುತಿ ಕಾರಿಗೂ ಮುಖಾಮುಖಿ ಡಿಕ್ಕಿ. ಲಾರಿ ಕಾರನ್ನು ತಳ್ಳಿದ ಬಲ ಹೆಚ್ಚೋ, ಕಾರು ಲಾರಿಯನ್ನು ತಳ್ಳಿದ್ದೋ? ಒಂದು ಸಲ ಪಂಕ್ತಿಯಲ್ಲಿ ಕೂತು ಕೇಳಿದೆ. ಕೋಸಂಬರಿಯಿಂದ ಪಾಯಸದವರೆಗೂ ವಾದ ನಡೆಯಿತು. ಎಲ್ಲರದೂ ಲಾರಿಯ ಪಕ್ಷವೇ. ಫೈನಲ್ ಬಿಎಸ್ಸಿಯ ನನ್ನ ಶಿಷ್ಯನೊಬ್ಬ ಅಲ್ಲೇ ಕೂತಿದ್ದ, ಅವನೂ ಲಾರಿಯ ಕಡೆಯೇ. 'ನ್ಯೂಟನ್ನನ ಮೂರನೇ ನಿಯಮ ಹೇಳಯ್ಯ' ಅಂದೆ. ತಟ್ಟನೆ ಒಪ್ಪಿಸಿದ, ಕ್ರಿಯೆಗೆ ಪ್ರತಿಕ್ರಿಯೆ ಸಮ ಮತ್ತು ವಿರುದ್ಧ. 'ಹಾಗಾದರೆ?' 'ಅದು ಥಿಯರಿ ಸಾರ್, ಇದು ಲಾರಿ' ಅಂದ. ಆಗ ನನ್ನ ಭಾಮೈದ, ವಿಮೆ ಮಾಡಿಸುವ ಕೆಲಸದವನು, ಕೈ ಬಾಯಿಗೆ ಒಯ್ಯುವುದನ್ನು ನಿಲ್ಲಿಸಿ 'ಭಾವ, ಎರಡೂ ಬಲ ಸಮ ಅನ್ನೋದಾದ್ರೆ ಕಾರು ಮಾತ್ರ ಯಾಕೆ ನಜ್ಜುಗುಜ್ಜಾಗುತ್ತೆ?' ಅಂದ. ನೋಡಿ, ಕೇಳಬೇಕಾದ ಪ್ರಶ್ನೆ ಅದು! ಬಲ ಸಮವೇ, ಆದರೆ ಕಾರಿನ ರಾಶಿ ಕಡಿಮೆ, ಆದ್ದರಿಂದ ಅದರ ವೇಗ ಕ್ಷಣದಲ್ಲಿ ವಿಪರೀತ ಬದಲಾಗುತ್ತದೆ. ಲಾರಿ ಅಲ್ಲಾಡಿದ್ದು ಗೊತ್ತೂ ಆಗುವುದಿಲ್ಲ. ಎಲ್ಲೈಸಿ ಪಾಲಿಸಿ ಮಾರುವವನಿಗೆ ಹೊಳೆದ ಸಂಶಯ ನನ್ನ ಶಿಷ್ಯನಿಗೆ ಹೊಳೆಯಲಿಲ್ಲವೆಂದರೆ ಅವನು ದಡ್ಡನೆಂದಲ್ಲ. ನಿಯಮ ಬರೆದರೆ ಎರಡು ಅಂಕ, ಸಂಶಯಪಟ್ಟರೆ ಸೊನ್ನೆ. ಅವನ ವ್ಯವಹಾರ ಸರಿಯಾಗಿಯೇ ಇತ್ತು.

ಮಜೂರ್ ಕಂಡುಕೊಂಡ ಉಪಾಯದಲ್ಲಿ ಯಂತ್ರತಂತ್ರ ಏನೂ ಇಲ್ಲ. ಒಂದು ಪ್ರಶ್ನೆ ಎರಡು ಸಲ ವಿವರಿಸಿದರೂ ಹುಡುಗರ ಮುಖ ಅರಳದಿದ್ದಾಗ, ನೀವು ನೀವೇ ಮಾತಾಡಿಕೊಳ್ಳಿ ಅಂದರಂತೆ. ತರಗತಿ ಸಂತೆಯಾಯಿತು, ಕೆಲವೇ ನಿಮಿಷದಲ್ಲಿ ಉತ್ತರ ಹೊರಬಿತ್ತು. ಆಮೇಲೆ ಅದನ್ನೇ ಪದ್ಧತಿ ಮಾಡಿದರು. ಮೊದಲು ಪ್ರತಿಯೊಬ್ಬನೂ ತಾನೇ ಯೋಚಿಸಿ ಒಂದು ಉತ್ತರಕ್ಕೆ ಕೈಯೆತ್ತಬೇಕು, ಆಮೇಲೆ ಪಕ್ಕದವನೊಡನೆ ಜಗಳವಾಡಬೇಕು, ಮತ್ತೆ ಕೈಯೆತ್ತಬೇಕು. ಎರಡನೇ ಸಲ ಸರಿಯುತ್ತರ ಹೆಚ್ಚುತ್ತದೆ. ಕಾರಣ ಸ್ವಾರಸ್ಯವಾಗಿದೆ. ಮೇಷ್ಟ್ರಿಗೆ ಆ ವಿಷಯ ಅರ್ಥವಾಗಿ ಎಷ್ಟೋ ವರ್ಷವಾಗಿರುತ್ತದೆ, ತಾನು ಎಲ್ಲಿ ಎಡವಿದ್ದೆ ಎಂಬುದು ಮರೆತುಹೋಗಿರುತ್ತದೆ. ಪಕ್ಕದವನು ಎಡವಿದ್ದು ಈಗಷ್ಟೇ, ಅವನ ಕಾಲಿನ್ನೂ ನೋಯುತ್ತಿರುತ್ತದೆ. ನಮ್ಮಲ್ಲಿಯೂ ಪಕ್ಕದವನೊಡನೆ ಮಾತಾಡುವ ಪದ್ಧತಿ ಧಾರಾಳವಾಗಿ ಇತ್ತು. ಹಾಗೆ ಮಾತಾಡಿದವನನ್ನು ನಾವು 'ಗೆಟೌಟ್' ಅಂದು ವರಾಂಡಕ್ಕೆ ಕಳಿಸುತ್ತಿದ್ದೆವು, ಅಷ್ಟೇ ವ್ಯತ್ಯಾಸ.

ಭೌತಶಾಸ್ತ್ರಜ್ಞ ರಿಚರ್ಡ್ ಫೈನ್‌ಮನ್ ಬ್ರೆಜಿಲಿನಲ್ಲಿ ಪಾಠ ಹೇಳಿದ ಕಥೆ ಅನೇಕರಿಗೆ ಗೊತ್ತು. ಧ್ರುವೀಕೃತ ಬೆಳಕಿನ ವ್ಯಾಖ್ಯೆ, ಬ್ರೂಸ್ಟರ್ ಕೋನ ಎಲ್ಲವನ್ನೂ ಕಂಠಪಾಠ ಒಪ್ಪಿಸಿದ ವಿದ್ಯಾರ್ಥಿಗಳು, ಕಿಟಕಿಯಾಚೆಯ ಕೊಲ್ಲಿಯ ನೀರಿನಿಂದ ಪ್ರತಿಫಲಿಸಿ ಬರುವ ಬೆಳಕೂ ಅದೇ ಎಂದಾಗ ಬೆಕ್ಕಸಬೆರಗಾದರಂತೆ. ಅದಕ್ಕಿಂತ ನನಗೆ ಕುತೂಹಲ ಇನ್ನೊಂದರಲ್ಲಿ. 1961ರಿಂದ 63ರವರೆಗೆ ಕ್ಯಾಲ್ಟೆಕ್ಕಿನಲ್ಲಿ ಅವರು ಕೊಟ್ಟ ಉಪನ್ಯಾಸಗಳು ಕೆಂಪು ಪುಸ್ತಕಗಳಾಗಿ ಲೋಕಪ್ರಸಿದ್ಧವಾದವು. ಅವುಗಳ ಮುನ್ನುಡಿಯಲ್ಲಿ ಆ ಮಹಾರಾಯ, ವಿದ್ಯಾರ್ಥಿಗಳ ಮಟ್ಟಿಗೆ ತಾನು ಅಷ್ಟೇನೂ ಗೆಲ್ಲಲಿಲ್ಲ ಎಂದೇ ಬರೆದಿದ್ದಾರೆ. ಫೈನ್‌ಮನ್ನನಂಥ ಮಾತುಗಾರನ ಪಾಡೇ ಹೀಗಾದರೆ, ಪಿಪಿಟಿಯ ಸ್ಲೈಡನ್ನು ಅಕ್ಷರಬಿಡದೆ ಓದುವವರು ತಮ್ಮ ಬಗ್ಗೆ ಸ್ವಲ್ಪ ಯೋಚಿಸಬಹುದು.

2014ರಲ್ಲಿ ಸ್ಕಾಟ್ ಫ್ರೀಮನ್ ಮತ್ತು ಸಂಗಡಿಗರು ವಿಜ್ಞಾನ, ಗಣಿತ, ಎಂಜಿನಿಯರಿಂಗ್ ತರಗತಿಗಳ 225 ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದರು. ಬರೀ ಉಪನ್ಯಾಸದ ತರಗತಿಗಳಲ್ಲಿ ಫೇಲಾದವರು ನೂರಕ್ಕೆ ಸುಮಾರು 34, ಹುಡುಗರಿಂದ ಏನಾದರೂ ಮಾಡಿಸಿದಲ್ಲಿ ಸುಮಾರು 22. ಸರಿ, ವ್ಯಾಜ್ಯ ತೀರಿತು ಅನ್ನಬೇಡಿ. 2019ರಲ್ಲಿ ಹಾರ್ವರ್ಡಿನಲ್ಲೇ ನಡೆದ ಇನ್ನೊಂದು ಪ್ರಯೋಗದಲ್ಲಿ ತಮಾಷೆಯಿದೆ. ತಾವೇ ಹೆಣಗಿ ಕಲಿತವರು ಪರೀಕ್ಷೆಯಲ್ಲಿ ಹೆಚ್ಚು ಅಂಕ ತೆಗೆದರು; ಆದರೆ ಹೆಚ್ಚು ಕಲಿತೆವು ಎಂದು ಹೇಳಿದವರು ನುಣುಪಾದ ಉಪನ್ಯಾಸ ಕೇಳಿದವರು! ಹರಿಕಥೆ ಕೇಳಿ ಮನೆಗೆ ಹೋಗುವಾಗ ಎಲ್ಲರಿಗೂ ವೇದಾಂತ ಅರ್ಥವಾದಂತೆಯೇ ಇರುತ್ತದೆ, ಬೆಳಗ್ಗೆ ಹಾಲಿನವನೊಡನೆ ಚಿಲ್ಲರೆಗೆ ಜಗಳ ಶುರುವಾಗುವವರೆಗೆ. ಈಗ ಕಾಲೇಜುಗಳಲ್ಲಿ ಮೇಷ್ಟ್ರ ಯೋಗ್ಯತೆ ಅಳೆಯಲು ವಿದ್ಯಾರ್ಥಿಗಳಿಂದ ಫೀಡ್‌ಬ್ಯಾಕ್ ಫಾರಂ ತುಂಬಿಸುತ್ತಾರೆ. ಯಾರಿಗೆ ಹೆಚ್ಚು ಅಂಕ ಬೀಳುತ್ತದೆಂದು ಊಹಿಸಿಕೊಳ್ಳಿ.

ಪ್ರಯೋಗಾಲಯದಲ್ಲಾದರೂ ಹುಡುಗರು ಕೈಯಾರೆ ಕೆಲಸ ಮಾಡುತ್ತಾರಲ್ಲ ಅನ್ನುತ್ತೀರಾ? ಮಾಡುತ್ತಾರೆ, ಉತ್ತರದಿಂದ ಹಿಮ್ಮುಖವಾಗಿ. ಸರಳ ಲೋಲಕದ ಪ್ರಯೋಗ ತೆಗೆದುಕೊಳ್ಳಿ. ಗುರುತ್ವ ವೇಗೋತ್ಕರ್ಷ 9.81 ಬರಬೇಕು ಎಂದು ಎಲ್ಲರಿಗೂ ಗೊತ್ತು. ಹಾಗಾಗಿ ಅದಕ್ಕೆ ತಕ್ಕ ಆಂದೋಲನ ಕಾಲ ಲೆಕ್ಕಹಾಕಿ, ಅಲ್ಲಿಷ್ಟು ಇಲ್ಲಿಷ್ಟು ದಶಾಂಶ ಕದಲಿಸಿ, ನಂಬಿಕೆ ಬರುವ ಹಾಗೆ ರೀಡಿಂಗ್ ಬರೆಯುತ್ತಾರೆ. ಇದಕ್ಕೆ 'ಕುಕ್ ಮಾಡೋದು' ಎಂದು ಹೆಸರು. ಹಾಸ್ಟೆಲಿನ ಅಡುಗೆಗಿಂತ ಇದು ಎಷ್ಟೋ ಹದವಾಗಿರುತ್ತದೆ. ತಮಾಷೆಯೆಂದರೆ ಬೆಂಗಳೂರಿನಲ್ಲಿ ಅದರ ಬೆಲೆ ಸುಮಾರು 9.78. ನಾವು ಸಮಭಾಜಕಕ್ಕೆ ಹತ್ತಿರ, ಮೇಲಾಗಿ ಸಮುದ್ರಮಟ್ಟದಿಂದ ಮೂರು ಸಾವಿರ ಅಡಿ ಮೇಲೆ, 9.81 ಇರುವುದು ಲಂಡನ್ನಿನಲ್ಲಿ. ವರ್ಷವರ್ಷವೂ ನಮ್ಮ ರೆಕಾರ್ಡ್ ಬುಕ್ಕುಗಳಲ್ಲಿ ಬೆಂಗಳೂರಿನ ಲೋಲಕಗಳು ಲಂಡನ್ನಿನಲ್ಲಿ ತೂಗಾಡಿ ಬರುತ್ತಿದ್ದವು, ನಾವು ಕೆಂಪು ಶಾಯಿಯಲ್ಲಿ 'ಗುಡ್' ಹಾಕುತ್ತಿದ್ದೆವು. 9.6 ಬಂದದ್ದನ್ನು ಹಾಗೇ ಬರೆದ ಹುಡುಗಿಗೆ ಅಂಕ ಕಡಿಮೆ. ಯಾಕೆ 9.6 ಬಂತು, ದಾರದ ಉದ್ದ ಅಳೆಯುವಾಗ ಗುಂಡಿನ ಅರ್ಧ ಬಿಟ್ಟೆಯಾ, ಸ್ಟಾಪ್‌ವಾಚ್ ಒತ್ತುವುದು ತಡವಾಯಿತಾ ಎಂದು ಅವಳೊಡನೆ ಕೂತು ಹುಡುಕಿದ್ದರೆ ಅದೇ ವಿಜ್ಞಾನ. ರಸಾಯನಶಾಸ್ತ್ರದ ಕಡೆ ನಾನು ಹೋಗುವುದಿಲ್ಲ. ಅಲ್ಲಿ ಸಾಲ್ಟ್ ಯಾವುದೆಂದು ಅಟೆಂಡರನ ಹುಬ್ಬಿನ ಚಲನೆಯಿಂದ ಪತ್ತೆಹಚ್ಚುವ ವಿಧಾನ ಬಹಳ ಮುಂದುವರಿದಿದೆ.

ಹುಡುಗರನ್ನು ತೊಡಗಿಸಿಕೊಳ್ಳುವುದು ಏನೆಂದು ತಿಳಿಯಬೇಕೆನ್ನುವ ಉಪನ್ಯಾಸಕರಿಗೆ ನಾನು ಅಮೆರಿಕದ ಪ್ರಬಂಧಗಳಿಗಿಂತ ಮೊದಲು ಬಿ.ಜಿ.ಎಲ್. ಸ್ವಾಮಿಯವರ 'ಹಸುರು ಹೊನ್ನು' ಕೊಡುತ್ತೇನೆ. ಡಿ.ವಿ.ಜಿ.ಯವರ ಮಗ, ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕ. ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಕಾಡು ಅಲೆದ ಪ್ರವಾಸಗಳೇ ಆ ಪುಸ್ತಕದ ಹಂದರ. 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಊಟ, ತಿಂಡಿ, ಕೀಟಲೆ, ಜಗಳ ಎಲ್ಲದರ ನಡುವೆ ಗಿಡದ ಪರಿಚಯ ನಡೆಯುತ್ತದೆ, ಮೇಷ್ಟ್ರ ಕಾಲೆಳೆಯುವ ಸ್ವಾತಂತ್ರ್ಯ ಶಿಷ್ಯರಿಗಿದೆ. ಆ ಸ್ವಾತಂತ್ರ್ಯ ಇದ್ದ ಕಡೆ 'ಗೊತ್ತಾಗಲಿಲ್ಲ' ಎನ್ನುವುದಕ್ಕೆ ಧೈರ್ಯ ಬೇಕಾಗುವುದಿಲ್ಲ.

ಇನ್ನೊಂದು ಬೇಕು: ಮೇಷ್ಟ್ರು ಬಾಯಿ ಮುಚ್ಚಿಕೊಂಡಿರುವುದು. ಮೇರಿ ಬಡ್ ರೋ ಎಂಬ ಅಮೆರಿಕದ ಸಂಶೋಧಕಿ ತರಗತಿಗಳನ್ನು ಧ್ವನಿಮುದ್ರಿಸಿ ನೋಡಿದಾಗ, ಪ್ರಶ್ನೆ ಕೇಳಿದ ಮೇಲೆ ಉಪಾಧ್ಯಾಯರು ಉತ್ತರಕ್ಕೆ ಕಾಯುವುದು ಸರಾಸರಿ ಒಂದೇ ಸೆಕೆಂಡು ಎಂದು ತಿಳಿಯಿತು. ಮೂರು ಸೆಕೆಂಡು ಕಾದರೆ ಮಕ್ಕಳ ಉತ್ತರ ಉದ್ದವಾಗುತ್ತದೆ, ಮಾತಾಡದವರೂ ಮಾತಾಡುತ್ತಾರೆ. ಮೂರೇ ಸೆಕೆಂಡು! ನಮ್ಮಲ್ಲಿ ಇನ್ನೂ ಸ್ವಲ್ಪ ಹೆಚ್ಚು ಬೇಕಾದೀತು. ಹತ್ತನೆಯವರೆಗೆ ಕನ್ನಡದಲ್ಲಿ ಓದಿ ಬಂದ ಹುಡುಗ ಇಂಗ್ಲಿಷ್ ಪ್ರಶ್ನೆಯನ್ನು ಒಳಗೆ ಕನ್ನಡಕ್ಕೆ ಇಳಿಸಿ, ಉತ್ತರವನ್ನು ಮತ್ತೆ ಇಂಗ್ಲಿಷಿಗೆ ಏರಿಸಿ, ವ್ಯಾಕರಣ ಸರಿಯೇ ಎಂದು ನೋಡುವಷ್ಟರಲ್ಲಿ ನಾವು ಮುಂದಿನ ಚಾಪ್ಟರಿನಲ್ಲಿರುತ್ತೇವೆ. ಅವನು ಮಂಕ ಎಂದು ಷರಾ ಬರೆದಾಗಿರುತ್ತದೆ.

ಅಂಥವನೊಬ್ಬ ನನ್ನ ತರಗತಿಯಲ್ಲಿದ್ದ, ಪಾವಗಡ ಕಡೆಯವನು. ವಾಯುಮಂಡಲದ ಒತ್ತಡದ ಪಾಠ. ಸ್ಟ್ರಾದಲ್ಲಿ ಎಳನೀರು ಹೀರುವಾಗ ನಾವು ಎಳೆಯುತ್ತೇವೋ, ಹೊರಗಿನ ಗಾಳಿ ತಳ್ಳುತ್ತದೋ ಎಂದು ಕನ್ನಡದಲ್ಲೇ ಕೇಳಿ, ಮೇಜಿಗೊರಗಿ ಸುಮ್ಮನೆ ನಿಂತೆ. ಕುರ್ಚಿಗಳು ಕಿರುಗುಟ್ಟಿದವು, ಯಾರೋ ಕೆಮ್ಮಿದರು. ವರ್ಷವಿಡೀ ಬಾಯಿಬಿಡದಿದ್ದವನು ಎದ್ದ. 'ತಳ್ಳೋದೇ ಇರ್ಬೇಕು ಸಾರ್. ನಮ್ಮ ಬಾವೀಲಿ ನೀರು ಇಳಿದಂಗೆಲ್ಲ ನಮ್ಮಪ್ಪ ಮೋಟ್ರೂ ಕೆಳಕ್ಕಿಳಿಸ್ತಿದ್ರು. ಮೇಲಿಟ್ರೆ ಎಷ್ಟು ಹಾರ್ಸ್‌ಪವರಿದ್ರೂ ಎತ್ತಾಕಿಲ್ಲ. ಎಳೆಯೋದಾಗಿದ್ರೆ ದೊಡ್ಡ ಮೋಟ್ರು ಎಳೀಬೇಕಿತ್ತಲ್ವಾ?' ಗೆಲಿಲಿಯೊನ ಕಾಲದ ಪಂಪಿನವರು ತಲೆಕೆಡಿಸಿಕೊಂಡ ಸಮಸ್ಯೆ, ಟೊರಿಸೆಲ್ಲಿಯ ಪಾದರಸದ ಕೊಳವೆಗೆ ದಾರಿತೋರಿದ ಸಮಸ್ಯೆ, ಬಯಲುಸೀಮೆಯ ತೆರೆದ ಬಾವಿಯಿಂದ ನೇರ ಎದ್ದು ಬಂದಿತ್ತು. ಗಾಳಿ ತಳ್ಳಬಲ್ಲದ್ದು ಹೆಚ್ಚೆಂದರೆ 10.3 ಮೀಟರ್ ನೀರಿನ ಕಂಬವನ್ನು. ಬಾವಿಯ ಲೆಕ್ಕದಲ್ಲಿ ಅಷ್ಟೂ ಸಿಗುವುದಿಲ್ಲ. ಬೋರ್‌ವೆಲ್ಲಿನ ಮೋಟರನ್ನು ನೀರಿನೊಳಗೇ ಮುಳುಗಿಸಿ ಕೆಳಗಿನಿಂದ ನೂಕಿಸುವುದು ಅದಕ್ಕೇ. ಹಿಂದಿನ ಬೆಂಚು ಪೂರ್ತಿ ಎಚ್ಚರವಾಯಿತು. ಎಲ್ಲರ ಮನೆಯಲ್ಲೂ ಒಂದೊಂದು ಬಾವಿಯಿತ್ತು, ಒಂದೊಂದು ಸುಟ್ಟ ಮೋಟರಿನ ಕಥೆಯಿತ್ತು.

ಅವನು ಕೂರಲಿಲ್ಲ. 'ಹಂಗಾರೆ ಸಾರ್, ತೆಂಗಿನಮರ ಅರವತ್ತಡಿ ಐತೆ. ಅದ್ಯೆಂಗೆ ನೀರು ಏರಿಸ್ತದೆ?'

'ಅದು ಬಾಟನಿಯವರದಪ್ಪ' ಅಂದೆ. ಮಧ್ಯಾಹ್ನ ಬಾಟನಿಯವರು ಅವನನ್ನು 'ಅದು ಫಿಸಿಕ್ಸ್' ಎಂದು ವಾಪಸು ಅಟ್ಟಿದರು. ಹುಡುಗ ಬಿಡುವವನಲ್ಲ, ಸಂಜೆ ಅವರನ್ನೇ ನಮ್ಮ ವಿಭಾಗಕ್ಕೆ ಕರೆತಂದ. ಟೀ ತರಿಸಿದೆವು. ಎಲೆಯಿಂದ ನೀರು ಆವಿಯಾಗುವಾಗ ಕೆಳಗಿನ ನೀರನ್ನು ಎಳೆಯುತ್ತದೆ, ಸಣ್ಣ ನಾಳದಲ್ಲಿ ನೀರಿನ ಅಣುಗಳು ಒಂದನ್ನೊಂದು ಬಿಡದೆ ಹಿಡಿದಿರುತ್ತವೆ, 1894ರಲ್ಲೇ ಡಿಕ್ಸನ್ ಮತ್ತು ಜೋಲಿ ಹೀಗೆಂದರು ಎಂದು ಬಾಟನಿಯವರು ವಿವರಿಸಿದರು. 'ಅಂದ್ರೆ ಮರದಲ್ಲಿ ಎಳೆಯೋದು, ಬಾವೀಲಿ ತಳ್ಳೋದಾ?' ಅಂದ ಹುಡುಗ. ಹೌದೆಂದೆವು. 'ಮೋಟ್ರು ಪೈಪಲ್ಲಿ ಯಾಕೆ ಹಿಡ್ಕಳಲ್ಲ?' ನಾವಿಬ್ಬರೂ ಕಾಗದ ತೆಗೆದುಕೊಂಡು, ಗುಳ್ಳೆ, ಪೈಪಿನ ಅಗಲ ಎಂದು ಚಿತ್ರ ಬರೆಯತೊಡಗಿದೆವು, ನಮ್ಮ ನಮ್ಮಲ್ಲೇ ವಾದ ಹತ್ತಿಕೊಂಡಿತು. ಬೀಗದಕೈ ಹಿಡಿದು ಬಾಗಿಲಲ್ಲಿ ಕಾಯುತ್ತಿದ್ದ ಅಟೆಂಡರ್ ಅಷ್ಟು ಹೊತ್ತು ಕೇಳಿಸಿಕೊಂಡು, 'ಏರೋದು ಇರ್ಲಿ ಸಾರ್, ತೂತೇ ಇಲ್ದೆ ಕಾಯೊಳಕ್ಕೆ ಹೆಂಗೆ ಹೋಯ್ತು ಅದನ್ನ ಹೇಳಿ' ಎಂದು ತಾನೂ ಒಂದು ಸ್ಟೂಲು ಎಳೆದುಕೊಂಡ.